ಕತ್ತಿಗೆ ಹಣವುಂಟು, ಗುಳಿಗೆಗಿಲ್ಲ

ಮಗುವಿನ ಹೊಟ್ಟೆ ಉಬ್ಬಿದರೆ ನಮ್ಮ ಓಣಿಗಳಲ್ಲಿ ಮೊದಲು ಕೇಳಿಬರುವುದು ಜಂತುಹುಳುವಿನ ಮಾತು. ಹುಳದ ಔಷಧ ಕುಡಿಸುತ್ತಾರೆ. ಇಳಿಯದಿದ್ದರೆ ದೃಷ್ಟಿ ತೆಗೆಯುತ್ತಾರೆ. ಅದಕ್ಕೂ ಇಳಿಯದಿದ್ದರೆ ಎಳೆಯ ಹೊಟ್ಟೆಯ ಮೇಲೆ ಬರೆ ಎಳೆಯುವ ಅನಾಚಾರ ಇಂದಿಗೂ ಕೆಲವು ಮನೆಗಳಲ್ಲಿ ನಿಂತಿಲ್ಲ. ಬಹುಪಾಲು ಮಕ್ಕಳ ಹೊಟ್ಟೆಯುಬ್ಬರಕ್ಕೆ ಕಾರಣ ಸಣ್ಣದೇ ಇರುತ್ತದೆ, ಅದು ತಾನಾಗಿ ಇಳಿಯುತ್ತದೆ ಎಂಬುದು ನಿಜ. ಆದರೆ ಅಪರೂಪಕ್ಕೊಂದು ಮಗುವಿನ ಹೊಟ್ಟೆಯೊಳಗೆ, ಕರುಳಿನ ಮಡಿಕೆಗಳ ನಡುವೆ, ನೀರು ತುಂಬಿದ ಗುಳ್ಳೆಗಳ ಗೊಂಚಲೊಂದು ಹುಟ್ಟಿನಿಂದಲೇ ಬೆಳೆಯುತ್ತಿರುತ್ತದೆ. ಆ ಮಗುವಿನ ತಂದೆ ಗಿರಣಿಯಲ್ಲಿ ಪಾಳಿ ಮಾಡುವವನೋ, ಸಂತೆಯಲ್ಲಿ ಬಟ್ಟೆ ಹರಡಿ ಕೂರುವವನೋ ಆಗಿದ್ದರೆ, ಅವನ ಮುಂದೆ ಎಷ್ಟು ದಾರಿಗಳಿವೆ, ಆ ದಾರಿಗಳನ್ನು ಯಾರು ತೆರೆಯುತ್ತಾರೆ, ಯಾರು ಮುಚ್ಚುತ್ತಾರೆ ಎಂಬುದನ್ನು ಈ ವಾರ ವಿಚಾರ ಮಾಡುವುದು ಉಚಿತವೆಂದು ನಮಗೆ ತೋರಿದೆ. ಅಪರೂಪದ ರೋಗಕ್ಕೆ ಇಷ್ಟು ಜಾಗವೇಕೆ ಎಂದು ಕೇಳುವವರು ಇದ್ದಾರು. ರೋಗ ಬಂದ ಮನೆಯಲ್ಲಿ ಯಾವ ರೋಗವೂ ಅಪರೂಪವಲ್ಲ.

ಮೊದಲು ರೋಗದ ಪರಿಚಯ. ದೇಹದಲ್ಲಿ ರಕ್ತನಾಳಗಳಿರುವುದನ್ನು ಎಲ್ಲರೂ ಬಲ್ಲರು. ಅವುಗಳ ಪಕ್ಕದಲ್ಲೇ ಇನ್ನೊಂದು ನಾಳಗಳ ಜಾಲವಿದೆ. ಅಂಗಾಂಶಗಳಲ್ಲಿ ಸೋರಿ ಉಳಿದ ನೀರನ್ನು ಮತ್ತೆ ರಕ್ತಕ್ಕೆ ಸೇರಿಸುವುದು, ನಾವು ಉಂಡ ಎಣ್ಣೆ ತುಪ್ಪದ ಅಂಶವನ್ನು ಕರುಳಿನಿಂದ ಹೊತ್ತೊಯ್ಯುವುದು ಅದರ ಕೆಲಸ. ಊಟವಾದ ಮೇಲೆ ಕರುಳಿನ ಈ ನಾಳಗಳು ಹಾಲು ತುಂಬಿದಂತೆ ಬೆಳ್ಳಗೆ ಕಾಣುತ್ತವೆ. 1622ರಲ್ಲಿ ಇಟಲಿಯ ಗ್ಯಾಸ್ಪರೆ ಅಸೆಲ್ಲಿ ಎಂಬ ವೈದ್ಯ ನಾಯಿಯೊಂದರ ಹೊಟ್ಟೆ ಕೊಯ್ದಾಗ ಇವನ್ನು ಕಂಡು ಹಾಲಿನ ನಾಳಗಳೆಂದೇ ಕರೆದ. ಕನ್ನಡದಲ್ಲಿ ಇವಕ್ಕೆ ದುಗ್ಧನಾಳಗಳೆಂಬ ಹೆಸರು ಬಂದಿದೆ. ಹೆಸರು ಅಂದವಾಗಿಯೇ ಇದೆ. ಗರ್ಭದಲ್ಲಿ ಈ ನಾಳಗಳು ಕೂಡುವಾಗ ಎಲ್ಲೋ ಒಂದೆಡೆ ದಾರಿ ತಪ್ಪಿದರೆ, ಹರಿದು ಹೋಗಬೇಕಾದ ರಸ ಅಲ್ಲೇ ನಿಂತು ಚೀಲಗಳಾಗಿ ಉಬ್ಬುತ್ತದೆ. ಹೊಲದ ಕಾಲುವೆ ಕಟ್ಟಿಕೊಂಡರೆ ಮಡುವಾಗುವುದಿಲ್ಲವೇ, ಹಾಗೆ. ಇಂಥ ಚೀಲಗಳು ಹೆಚ್ಚಾಗಿ ಮಕ್ಕಳ ಕುತ್ತಿಗೆಯಲ್ಲಿ, ಕಂಕುಳಲ್ಲಿ ಕಾಣುತ್ತವೆ. ಹೊಟ್ಟೆಯೊಳಗೆ ಬರುವುದು ಕಡಿಮೆ. ಬಂದರೆ ಹೊರಗೆ ಕಾಣದಾದ್ದರಿಂದ ಪತ್ತೆ ತಡವಾಗುತ್ತದೆ.

ಡಾಕ್ಟರರು ಈಗ ಇದನ್ನು ಲಿಂಫ್ಯಾಟಿಕ್ ಮಾಲ್‌ಫಾರ್ಮೇಶನ್ ಎನ್ನುತ್ತಾರೆ. ಹಳೆಯ ಹೆಸರು ಲಿಂಫ್ಯಾಂಜಿಯೋಮ. ಈ ಹಳೆಯ ಹೆಸರು ಸ್ಕ್ಯಾನಿಂಗ್ ರಿಪೋರ್ಟುಗಳಲ್ಲಿ ಇನ್ನೂ ಸಾಯದೆ ಉಳಿದುಕೊಂಡು ಬಡವರ ಮನೆಯಲ್ಲಿ ಸುಮ್ಮನೆ ಗಾಬರಿ ಹುಟ್ಟಿಸುತ್ತಿದೆ. 'ಓಮ' ಎಂಬ ಕೊನೆಯಿರುವ ಹೆಸರು ಗಂತಿಗಳದ್ದು. ರಿಪೋರ್ಟನ್ನು ಕೈಯಲ್ಲಿ ಹಿಡಿದ ತಂದೆ ಅದನ್ನು ಕ್ಯಾನ್ಸರೆಂದೇ ತಿಳಿದು ಅಂಗಡಿಯನ್ನು ಒತ್ತೆಯಿಟ್ಟರೆ ಆಶ್ಚರ್ಯವಿಲ್ಲ. 1982ರಲ್ಲಿ ಅಮೆರಿಕದ ಮಲ್ಲಿಕನ್ ಮತ್ತು ಗ್ಲೊವಾಕಿ ಎಂಬ ವೈದ್ಯರು ಬೆಳೆಯುವ ಗಂತಿಗಳು ಬೇರೆ, ನಾಳಗಳ ಹುಟ್ಟು ವಿಕೃತಿಗಳು ಬೇರೆ ಎಂದು ವಿಂಗಡಿಸಿ ತೋರಿಸಿದರು. ಜಗತ್ತಿನ ತಜ್ಞರು ಒಪ್ಪಿರುವುದು ಈ ವಿಂಗಡಣೆಯನ್ನೇ. ಇದು ಕ್ಯಾನ್ಸರ್ ಅಲ್ಲ. ಮುಂದೆ ಚಿಕಿತ್ಸೆಯ ಪ್ರತಿ ಹೆಜ್ಜೆಯೂ ಈ ಒಂದು ಮಾತಿನ ಮೇಲೆ ನಿಂತಿದೆಯಾದ್ದರಿಂದ ಓದುಗರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ಗಾಬರಿಯೂ ಇದೆ. ಅದನ್ನು ಹುಟ್ಟಿಸುವವರು ಡಾಕ್ಟರರಲ್ಲ, ಮನೆಯವರೇ. ಗ್ರಹಣದ ದಿನ ತಾಯಿ ಹೊರಗೆ ಬಂದಿದ್ದಳು, ತಿನ್ನಬಾರದ್ದನ್ನು ತಿಂದಳು, ಸೋದರಿಕೆಯಲ್ಲಿ ಮದುವೆಯಾದಳು, ಹೀಗೆ ಎಲ್ಲವೂ ಸೊಸೆಯ ತಲೆಗೆ. ವಿಜ್ಞಾನ ಏನೆನ್ನುತ್ತದೆ? ಈ ಚೀಲಗಳ ಜೀವಕೋಶಗಳಲ್ಲಿ ಬಹುತೇಕ ಸಂದರ್ಭಗಳಲ್ಲಿ ಪಿ.ಐ.ಕೆ.3.ಸಿ.ಎ. ಎಂಬ ಜೀನಿನಲ್ಲಿ ತಿದ್ದುಬಿದ್ದಿರುವುದು 2015ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾಯಿತು. ಆ ದೋಷ ಗರ್ಭ ನಿಂತ ಮೇಲೆ, ಬೆಳೆಯುತ್ತಿರುವ ಭ್ರೂಣದ ಯಾವುದೋ ಒಂದು ಕೋಶದಲ್ಲಿ ತಾನಾಗಿ ಆದದ್ದು. ತಾಯಿಯಿಂದ ಬಂದದ್ದಲ್ಲ, ತಂದೆಯಿಂದ ಬಂದದ್ದೂ ಅಲ್ಲ. ಸಾಮಾನ್ಯವಾಗಿ ಮುಂದಿನ ಮಗುವಿಗೆ ಬರುವುದೂ ಇಲ್ಲ. ಅತ್ತೆಯಂದಿರಿಗೆ ಯಾರಾದರೂ ಇದನ್ನು ಓದಿ ಹೇಳುವುದು ಒಳ್ಳೆಯದು.

ಹೊಟ್ಟೆಯೊಳಗಿನ ಚೀಲ ವರ್ಷಗಟ್ಟಲೆ ಸುಮ್ಮನಿರಬಹುದು. ಮೆಲ್ಲಗೆ ದೊಡ್ಡದಾಗಿ ಹೊಟ್ಟೆ ಮುಂದಕ್ಕೆ ಬರಬಹುದು. ಕೈಕಾಲು ಸಣಕಲು, ಹೊಟ್ಟೆ ಮಾತ್ರ ದೊಡ್ಡದು. ನೀರು ತುಂಬಿದೆಯೆಂದು ಕ್ಷಯದ ಮಾತ್ರೆ ಕೊಟ್ಟು ತಿಂಗಳುಗಳನ್ನು ಕಳೆಯುವ ಸಂಭವವುಂಟು. ಒಂದು ದಿನ ಥಟ್ಟನೆ ಚೀಲದೊಳಗೆ ರಕ್ತ ಸೋರಿ, ಇಲ್ಲವೇ ಕೀವಾಗಿ ಜ್ವರ, ನೋವು ಬಂದರೆ ಅಪೆಂಡಿಸೈಟಿಸ್ ಎಂದುಕೊಂಡು ಮೇಜಿನ ಮೇಲೆ ಮಲಗಿಸುವುದೂ ಉಂಟು. ಎಲ್ಲಕ್ಕಿಂತ ಅಪಾಯದ್ದು, ಚೀಲದ ಭಾರಕ್ಕೆ ಕರುಳೇ ಹಗ್ಗದಂತೆ ಹುರಿಗೊಳ್ಳುವುದು. ಆಗ ರಕ್ತ ಹರಿಯದೆ ಕರುಳು ಸಾಯುತ್ತದೆ, ಲೆಕ್ಕ ಗಂಟೆಗಳದ್ದು. ಮಗು ಹಸಿರು ವಾಂತಿ ಮಾಡಿದರೆ, ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ, ಮುಖ ಬಿಳಿಚಿಕೊಂಡು ಸುಸ್ತಾದರೆ, ಕಾರಣ ಯಾವುದೇ ಇರಲಿ, ಪಾಳಿ ಬಿಟ್ಟು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಓಡಬೇಕು. ಬೆಳಗಾಗಲಿ ಎಂದು ಕಾಯಬಾರದು.

ಪತ್ತೆಗೆ ಮೊದಲ ಸಾಧನ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ನೋವಿಲ್ಲ, ವಿಕಿರಣವಿಲ್ಲ, ಖರ್ಚೂ ಕಡಿಮೆ. ತೆಳುವಾದ ಗೋಡೆಗಳಿಂದ ಕೋಣೆಕೋಣೆಯಾಗಿ ಒಡೆದ ನೀರಿನ ಚೀಲ ಅದರಲ್ಲಿ ಕಾಣಿಸುತ್ತದೆ. ಚೀಲ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ, ಯಾವ ರಕ್ತನಾಳವನ್ನು ಅಪ್ಪಿಕೊಂಡಿದೆ ಎಂದು ತಿಳಿಯಲು ಎಂ.ಆರ್.ಐ. ಬೇಕು. ಹೆಣ್ಣುಮಕ್ಕಳಲ್ಲಿ ಅಂಡಾಶಯದ ಗುಳ್ಳೆ, ಕುರಿ ನಾಯಿಗಳ ಒಡನಾಟವಿರುವ ಕಡೆ ಹೈಡಾಟಿಡ್ ಎಂಬ ಹುಳದ ಗುಳ್ಳೆ, ಹುಟ್ಟಿನಿಂದ ಜೋಡಿಯಾಗಿ ಬೆಳೆದ ಕರುಳಿನ ತುಂಡು, ಇವೆಲ್ಲ ಹೀಗೆಯೇ ಕಾಣಬಲ್ಲವು. ಆದ್ದರಿಂದ ನೋಡುವ ಕಣ್ಣು ಪಳಗಿರಬೇಕು. ಸೂಜಿ ಚುಚ್ಚಿ ನೀರು ತೆಗೆದರಾಯಿತಲ್ಲ ಎಂಬ ಸಲಹೆ ಎಲ್ಲಿಂದ ಬಂದರೂ ಜಾಗ್ರತೆ. ಬರಿದೇ ನೀರು ತೆಗೆದರೆ ಚೀಲ ಮತ್ತೆ ತುಂಬಿಕೊಳ್ಳುತ್ತದೆ. ಹೈಡಾಟಿಡ್ ಗುಳ್ಳೆಯಾಗಿದ್ದರಂತೂ ಅರಿವಿಲ್ಲದೆ ಚುಚ್ಚುವುದು ಪ್ರಾಣಕ್ಕೇ ಎರವಾದೀತು.

ಹಾಗಾದರೆ ಚಿಕಿತ್ಸೆ ಏನು? ಒಂದೇ ಉತ್ತರವಿಲ್ಲ ಎಂಬುದೇ ಉತ್ತರ. ಚೀಲ ಚಿಕ್ಕದಾಗಿದ್ದು ಮಗುವಿಗೆ ಯಾವ ತೊಂದರೆಯೂ ಇಲ್ಲದಿದ್ದರೆ, ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿದಾಗ ಕಂಡದ್ದಾದರೆ, ಕೆಲವು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತ ಕಾದು ನೋಡಬಹುದು. ಇದು ಕೈಚೆಲ್ಲಿ ಕೂರುವುದಲ್ಲ, ಇದೂ ಚಿಕಿತ್ಸೆಯೇ. ಕ್ಯಾನ್ಸರ್ ಅಲ್ಲದ್ದರಿಂದ ಅವಸರವಿಲ್ಲ. ಆದರೆ ಕಾಯುವುದಕ್ಕೂ ಶಿಸ್ತು ಬೇಕು. ಹೇಳಿದ ದಿನಕ್ಕೆ ಮಗುವನ್ನು ತೋರಿಸದಿದ್ದರೆ ಕಾಯುವುದು ಮರೆಯುವುದಾಗುತ್ತದೆ.

ಎರಡನೆಯ ದಾರಿ ಶಸ್ತ್ರಚಿಕಿತ್ಸೆ. ಕರುಳನ್ನು ಬೆನ್ನಿಗೆ ಹಿಡಿದು ನಿಲ್ಲಿಸುವ ಮೆಸೆಂಟರಿ ಎಂಬ ಪೊರೆಯಲ್ಲಿ ಚೀಲವಿದ್ದು, ಅದನ್ನು ಪೂರ್ತಿಯಾಗಿ ಬಿಡಿಸಿ ತೆಗೆಯಲು ಸಾಧ್ಯವಾದರೆ ಇದು ಅತ್ಯಂತ ನೇರವಾದ ದಾರಿ. ಒಮ್ಮೆಗೇ ಮುಗಿಯುತ್ತದೆ, ಮತ್ತೆ ಬರುವುದು ವಿರಳ. ಕರುಳು ಹುರಿಗೊಂಡಿದ್ದರೆ ಇದೊಂದೇ ದಾರಿ. ಕರುಳಿಗೆ ರಕ್ತ ಒಯ್ಯುವ ನಾಳಗಳು ಚೀಲದ ಗೋಡೆಗೇ ಅಂಟಿಕೊಂಡಿದ್ದರೆ ಅಷ್ಟು ಕರುಳನ್ನೂ ಕತ್ತರಿಸಿ ತುದಿಗಳನ್ನು ಹೊಲಿಯಬೇಕಾಗುತ್ತದೆ. ಗೇಣುದ್ದ ಹೋದರೆ ಮಗು ತಾಳಿಕೊಳ್ಳುತ್ತದೆ. ಮಾರುದ್ದ ಹೋದರೆ ಉಂಡದ್ದು ಮೈಗೆ ಹತ್ತದೆ ಜೀವಮಾನವಿಡೀ ಸೊರಗುತ್ತದೆ. ಚೀಲ ಬೆನ್ನೆಲುಬಿನ ಮುಂದೆ, ಮಹಾಧಮನಿ ಮೇದೋಜೀರಕ ಮೂತ್ರಪಿಂಡಗಳ ನಡುವೆ ನುಸುಳಿಕೊಂಡಿದ್ದರೆ ಪೂರ್ತಿ ತೆಗೆಯುವುದು ಬಲು ಕಷ್ಟ. ಅರ್ಧ ಬಿಟ್ಟರೆ ಮತ್ತೆ ತುಂಬುತ್ತದೆ, ಕೆಲವೊಮ್ಮೆ ಹಾಲಿನಂಥ ರಸ ಹೊಟ್ಟೆಯೊಳಗೆ ಸೋರುತ್ತಲೇ ಇರುತ್ತದೆ. ಇಂಥಲ್ಲಿ ಶೂರತನ ಬೇಡ. ಕ್ಯಾನ್ಸರ್ ಅಲ್ಲದ ರೋಗಕ್ಕಾಗಿ ಮಗುವಿನ ಜೀವದ ಅಂಗಗಳನ್ನು ಬಲಿಕೊಡಬಾರದು ಎಂಬುದು ಈ ವೈದ್ಯದ ಮೊದಲ ನಿಯಮ.

ಮೂರನೆಯದು ಸ್ಕ್ಲೀರೋಥೆರಪಿ. ಮಗುವಿಗೆ ಅರಿವಳಿಕೆ ಕೊಟ್ಟು, ಸ್ಕ್ಯಾನಿಂಗ್ ಪರದೆಯನ್ನು ನೋಡುತ್ತ ಚೀಲಕ್ಕೆ ಸೂಜಿ ಇಳಿಸಿ, ಒಳಗಿನ ನೀರು ಹೀರಿ, ಅದರ ಜಾಗಕ್ಕೆ ಗೋಡೆಗಳನ್ನು ಕೆರಳಿಸಿ ಒಂದಕ್ಕೊಂದು ಅಂಟಿಸುವ ಔಷಧ ತುಂಬುತ್ತಾರೆ. ಬರಿದೇ ನೀರು ತೆಗೆಯುವುದಕ್ಕೂ ಇದಕ್ಕೂ ಅಜಗಜಾಂತರ. ದೊಡ್ಡ ಕೋಣೆಗಳ ಚೀಲಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಸಾಸಿವೆ ಕಾಳಿನಂಥ ಸಣ್ಣ ಗುಳ್ಳೆಗಳ ಮುದ್ದೆಯಲ್ಲಿ ಅಷ್ಟಿಲ್ಲ. ಒಂದೇ ಸಲಕ್ಕೆ ಮುಗಿಯದೆ ಎರಡು ಮೂರು ಸಲ, ಕೆಲವೊಮ್ಮೆ ಹೆಚ್ಚು ಸಲ ಬೇಕಾದೀತು. 1987ರಲ್ಲಿ ಜಪಾನಿನ ಒಗಿತ ಮತ್ತು ಸಂಗಡಿಗರು ಒ.ಕೆ.-432 ಎಂಬ ಔಷಧದಿಂದ ಮಕ್ಕಳ ಕುತ್ತಿಗೆಯ ಚೀಲಗಳನ್ನು ಹೀಗೆ ಇಳಿಸಿದ್ದನ್ನು ವರದಿ ಮಾಡಿದ ಮೇಲೆ ಈ ಪದ್ಧತಿಗೆ ಹೆಸರು ಬಂತು. ಇಂದು ಹೆಚ್ಚು ಬಳಕೆಯಲ್ಲಿರುವವು ಡಾಕ್ಸಿಸೈಕ್ಲಿನ್ ಮತ್ತು ಬ್ಲಿಯೋಮೈಸಿನ್. ಮೊದಲನೆಯದು ಯಾವ ಔಷಧದಂಗಡಿಯಲ್ಲೂ ಸಿಗುವ ಸಾಮಾನ್ಯ ಆಂಟಿಬಯಾಟಿಕ್‌. ಎರಡನೆಯದು ಕ್ಯಾನ್ಸರಿನ ಔಷಧ. ಅಲ್ಪ ಪ್ರಮಾಣದಲ್ಲಿ ಚೀಲದೊಳಗೆ ಕೊಡುತ್ತಾರೆ. ಸಲಸಲಕ್ಕೂ ಕೊಟ್ಟದ್ದು ಒಟ್ಟುಗೂಡಿದರೆ ಶ್ವಾಸಕೋಶಕ್ಕೆ ಕೇಡಾಗುವ ಭಯವಿರುವುದರಿಂದ ಲೆಕ್ಕ ಇಟ್ಟೇ ಕೊಡಬೇಕು. ಗಮನಿಸಿ, ಇಲ್ಲಿ ದುಬಾರಿಯಾದದ್ದು ಔಷಧವಲ್ಲ. ಕೈ ದುಬಾರಿ. ಸೂಜಿಯನ್ನು ಕರುಳಿಗೆ ತಾಗದಂತೆ ಇಳಿಸಬಲ್ಲ ರೇಡಿಯಾಲಜಿ ತಜ್ಞ, ಮಕ್ಕಳಿಗೆ ಅರಿವಳಿಕೆ ಕೊಡಬಲ್ಲ ವೈದ್ಯ, ಇವರು ಜಿಲ್ಲೆಗಳಲ್ಲಿ ಎಷ್ಟು ಮಂದಿ?

ನಾಲ್ಕನೆಯದು ಬಾಯಿಂದ ಕೊಡುವ ಔಷಧ, ಸಿರೊಲಿಮಸ್. ಇದರ ಚರಿತ್ರೆ ಒಂದು ಕಥೆಯೇ ಸರಿ. 1964ರ ಕೊನೆಯಲ್ಲಿ ಕೆನಡಾದ ವೈದ್ಯರ ತಂಡವೊಂದು ಪೆಸಿಫಿಕ್ ಸಾಗರದ ರಾಪಾ ನೂಯಿ ದ್ವೀಪಕ್ಕೆ ಹೋಗಿ ಅಲ್ಲಿಯ ಮಣ್ಣನ್ನು ತಂದಿತು. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ಮಾಂಟ್ರಿಯಲ್ ನಗರದ ಏಯರ್ಸ್ಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ಔಷಧವನ್ನು ಬೇರ್ಪಡಿಸಿದ ತಂಡದ ಮುಂದಾಳು ಸುರೇಂದ್ರನಾಥ ಸೆಹಗಲ್, ಅವಿಭಜಿತ ಪಂಜಾಬಿನಲ್ಲಿ ಹುಟ್ಟಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದವರು. ದ್ವೀಪದ ಹೆಸರಿನಿಂದಲೇ ಅದಕ್ಕೆ ರಾಪಾಮೈಸಿನ್ ಎಂದು ಹೆಸರಿಟ್ಟರು. 1980ರ ದಶಕದ ಆರಂಭದಲ್ಲಿ ಕಂಪನಿ ಲಾಭ ಕಾಣದೆ ಕೆಲಸ ನಿಲ್ಲಿಸಿ ಪ್ರಯೋಗಶಾಲೆಗೆ ಬೀಗ ಹಾಕಿತು. ಸೆಹಗಲ್ ಆ ಸೂಕ್ಷ್ಮಜೀವಿಯನ್ನು ಕಂಪನಿಗೆ ತಿಳಿಯದಂತೆ ಮನೆಗೆ ಒಯ್ದು ತಮ್ಮ ಫ್ರೀಜರಿನಲ್ಲಿ ಕಾಪಾಡಿದರು. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿಗಾಗಿ 1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಕಂಪನಿ ಎಸೆದದ್ದನ್ನು ಒಬ್ಬ ನೌಕರ ಉಳಿಸಿದ, ಹಣ ಮಾಡಿದ್ದು ಮಾತ್ರ ಕಂಪನಿ. ಮಣ್ಣು ಕೊಟ್ಟ ದ್ವೀಪದ ಜನರಿಗೆ ಅದರಲ್ಲಿ ಪಾಲಿರಲಿಲ್ಲ.

ಪಿ.ಐ.ಕೆ.3.ಸಿ.ಎ. ಜೀನಿನ ದೋಷದಿಂದ ಕೋಶದೊಳಗೆ ಎಡೆಬಿಡದೆ ಹೊರಡುವ ಬೆಳವಣಿಗೆಯ ಆಜ್ಞೆಯನ್ನು ದಾರಿಯಲ್ಲೇ ತಡೆಯುವುದು ಸಿರೊಲಿಮಸ್‌ನ ಕೆಲಸ. 2011ರಲ್ಲಿ ಅಮೆರಿಕದ ಸಿನ್ಸಿನಾಟಿಯ ವೈದ್ಯರು ಆರು ಜನ ರೋಗಿಗಳಲ್ಲಿ ಇದರ ಪರಿಣಾಮವನ್ನು ವರದಿ ಮಾಡಿದರು. 2016ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ನಾನಾ ಬಗೆಯ ಜಟಿಲ ನಾಳವಿಕೃತಿಗಳಿದ್ದವರ ಪೈಕಿ, ಆರು ತಿಂಗಳ ನಂತರ ಅಳೆಯಲು ಸಾಧ್ಯವಾದ 57 ಜನರಲ್ಲಿ 47 ಜನರಿಗೆ ಗುಣ ಕಂಡಿತು. ಪೂರ್ತಿ ಗುಣವಾದವರು ಯಾರೂ ಇಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. 2021ರಲ್ಲಿ ಫ್ರಾನ್ಸಿನಲ್ಲಿ 59 ಮಕ್ಕಳ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು. ಅದರಲ್ಲಿ ಒಟ್ಟಾರೆ ಗಾತ್ರ ಇಳಿದದ್ದು ದೊಡ್ಡದಾಗಿ ಕಾಣಲಿಲ್ಲವಾದರೂ ದುಗ್ಧನಾಳದ ಚೀಲಗಳಿದ್ದ ಮಕ್ಕಳಲ್ಲಿ ಅನುಕೂಲ ಹೆಚ್ಚಾಗಿ ಕಂಡಿತು. ಅಂದರೆ ಇದು ಸಂಜೀವಿನಿಯಲ್ಲ. ಕತ್ತಿಗೂ ಸೂಜಿಗೂ ಸಿಗದಂತೆ ಹೊಟ್ಟೆಯ ತುಂಬ ಹಬ್ಬಿದ ಚೀಲಗಳಿಗೆ, ರಸ ಸೋರುತ್ತಿರುವ ಮಕ್ಕಳಿಗೆ, ಆಪರೇಷನ್ನಿಗೆ ಮುಂಚೆ ಗಾತ್ರ ಕುಗ್ಗಿಸುವುದಕ್ಕೆ ಇದೊಂದು ನಿಜವಾದ ಆಸರೆ. ಬಾಯಿಹುಣ್ಣು, ಕೊಲೆಸ್ಟೆರಾಲ್ ಏರುವುದು, ಸೋಂಕು ತಗಲುವುದು ಇದರ ಅಡ್ಡ ಪರಿಣಾಮಗಳು. ತಿನ್ನುವಷ್ಟು ಕಾಲ ದಡಾರದಂಥ ಜೀವಂತ ಲಸಿಕೆಗಳನ್ನು ಹಾಕಿಸುವಂತಿಲ್ಲ. ಡಾಕ್ಟರರನ್ನು ಕೇಳಿಯೇ ಹಾಕಿಸಬೇಕು. ರಕ್ತದಲ್ಲಿ ಔಷಧದ ಮಟ್ಟವನ್ನು ಆಗಾಗ ಅಳೆಯಬೇಕು. ನಿಲ್ಲಿಸಿದರೆ ಕೆಲವರಲ್ಲಿ ಚೀಲ ಮತ್ತೆ ಬೆಳೆಯುತ್ತದೆ. ಇದೇ ಜೀನಿನ ಮೇಲೆ ನೇರವಾಗಿ ಕೆಲಸ ಮಾಡುವ ಅಲ್ಪೆಲಿಸಿಬ್ ಎಂಬ ಹೊಸ ಔಷಧಕ್ಕೆ, ಈ ಜೀನಿನ ದೋಷದಿಂದ ಅಂಗಗಳು ಅತಿಯಾಗಿ ಬೆಳೆಯುವ ತೀವ್ರ ರೋಗಗಳಿರುವ ಎರಡು ವರ್ಷ ಮೇಲ್ಪಟ್ಟವರಿಗಾಗಿ, 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಅದರ ಬೆಲೆಯ ಮಾತನ್ನು ಇಲ್ಲಿ ಆಡುವುದು ಹಸಿದವನ ಮುಂದೆ ಹೋಳಿಗೆಯ ವರ್ಣನೆ ಮಾಡಿದಂತೆ.

ಸಿರೊಲಿಮಸ್ ಹಾಗಲ್ಲ. ಅದರ ಮೂಲ ಪೇಟೆಂಟಿನ ಕಾಲ ಎಂದೋ ಮುಗಿದಿದೆ. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೇ ಅದನ್ನು ತಯಾರಿಸುತ್ತದೆ. ಆದರೂ ಅದು ನಮ್ಮ ಓಣಿಯ ಮಗುವಿಗೆ ಏಕೆ ದೂರ?

ಇಲ್ಲಿಗೆ ನಾವು ಹೇಳಬೇಕಾದ ಮಾತಿಗೆ ಬಂದೆವು. ಚೀಲ ಎಲ್ಲಿದೆ, ಅದರ ಕೋಣೆಗಳು ದೊಡ್ಡವೋ ಸಣ್ಣವೋ, ಅದು ಮಗುವಿಗೆ ಏನು ಮಾಡುತ್ತಿದೆ, ಇವುಗಳಿಂದ ಚಿಕಿತ್ಸೆಯ ಆಯ್ಕೆ ಆಗಬೇಕು. ಮಕ್ಕಳ ಶಸ್ತ್ರವೈದ್ಯರು, ರೇಡಿಯಾಲಜಿಯವರು, ಮಕ್ಕಳ ತಜ್ಞರು ಒಟ್ಟಿಗೆ ಕೂತು ತೀರ್ಮಾನಿಸಬೇಕು. ನಡೆಯುತ್ತಿರುವುದು ಹಾಗೆಯೇ? ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ ಯೋಜನೆಯನ್ನು ನೋಡಿರಿ. 2018ರಲ್ಲಿ ಎರಡು ಯೋಜನೆಗಳನ್ನು ಕೂಡಿಸಿ ಇದನ್ನು ರೂಪಿಸಿದಾಗ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಎಂದು ನಿಗದಿಯಾಯಿತು. ದೊಡ್ಡ ಮಾತೇ. ಇದರಿಂದ ಬದುಕಿದ ಜೀವಗಳಿವೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಹಣ ಆಸ್ಪತ್ರೆಗೆ ಸೇರಿಸಿಕೊಂಡು ಮಾಡುವ, ಪಟ್ಟಿಯಲ್ಲಿ ದರ ಬರೆದಿಟ್ಟ ಚಿಕಿತ್ಸೆಗೆ. ಕೇಂದ್ರದ ನಿಯಮದಲ್ಲಿ ಸೇರುವ ಮುಂಚಿನ 3 ದಿನ, ಮನೆಗೆ ಬಂದ ಮೇಲಿನ 15 ದಿನಗಳ ಖರ್ಚು ಅದರೊಳಗೆ ಬರುತ್ತದೆ. ಮಗು ಮನೆಯಲ್ಲಿದ್ದುಕೊಂಡು ವರ್ಷಗಟ್ಟಲೆ ನುಂಗಬೇಕಾದ ಗುಳಿಗೆಗೆ, ತಿಂಗಳ ರಕ್ತಪರೀಕ್ಷೆಗೆ, ಕಾದು ನೋಡುವ ಕಾಲದ ಸ್ಕ್ಯಾನಿಂಗಿಗೆ ಅದರಲ್ಲಿ ಜಾಗವಿಲ್ಲ. ಕತ್ತರಿಸಿದರೆ ಹಣವುಂಟು, ಕತ್ತರಿಸದೆ ಕಾಪಾಡಿದರೆ ಇಲ್ಲ! ವೈದ್ಯ ಎಷ್ಟೇ ಪ್ರಾಮಾಣಿಕನಾಗಿರಲಿ, ತಂದೆ ಎಷ್ಟೇ ತಿಳಿದವನಾಗಿರಲಿ, ಹಣ ಯಾವ ಕಡೆ ಹರಿಯುವುದೋ ಆಯ್ಕೆಯೂ ಆ ಕಡೆಗೇ ವಾಲುತ್ತದೆ. ಗೇಣುದ್ದ ಕರುಳು ಹೆಚ್ಚು ಹೋದರೆ ಅದರ ಲೆಕ್ಕ ಯಾವ ಕಚೇರಿಯ ಕಡತದಲ್ಲೂ ಬರುವುದಿಲ್ಲ.

ಗಿರಣಿ ಕಾರ್ಮಿಕರಿಗೆ ಇ.ಎಸ್.ಐ. ಇದೆಯಲ್ಲ ಎನ್ನಬಹುದು. ಇದೆ. 1948ರ ಕಾಯಿದೆಯಿಂದ ಹುಟ್ಟಿದ ಆ ವಿಮೆ ಹೊರರೋಗಿಯ ಔಷಧವನ್ನೂ ಕಾರ್ಮಿಕನ ಮಕ್ಕಳಿಗೆ ಕೊಡುತ್ತದೆ. ಈ ಒಂದು ವಿಷಯದಲ್ಲಿ ಹಳೆಯ ವಿಮೆ ಹೊಸ ವಿಮೆಗಿಂತ ಮೇಲು. ಆದ್ದರಿಂದ ಇ.ಎಸ್.ಐ. ಚೀಟಿ ಇರುವವರು ಇಂಥ ದೀರ್ಘ ಚಿಕಿತ್ಸೆಯ ಔಷಧವನ್ನು ತಮ್ಮ ದವಾಖಾನೆಯಲ್ಲಿ ಹಕ್ಕಿನಿಂದ ಕೇಳಬೇಕು. ದಾನವೆಂದು ಬೇಡುವ ಕಾರಣವಿಲ್ಲ. ಪ್ರತಿ ತಿಂಗಳ ಸಂಬಳದಲ್ಲಿ ಅದಕ್ಕಾಗಿ ಹಣ ಮುರಿಯುತ್ತಿದೆ. ಆದರೆ 2017ರಲ್ಲಿ ಇದರ ಸಂಬಳದ ಮಿತಿಯನ್ನು ಏರಿಸಿದಾಗಲೂ ಅದು ನಿಂತದ್ದು 21,000 ರೂಪಾಯಿಗೆ. ದಿನಗೂಲಿಯವನಿಗೆ, ಪಟ್ಟಿಯಲ್ಲಿ ಹೆಸರು ಬರೆಸದೆ ದುಡಿಸುವ ಸಣ್ಣ ಗಿರಣಿಯವನಿಗೆ ಆ ಚೀಟಿಯೂ ಇಲ್ಲ. ಚೀಟಿ ಇದ್ದವನಿಗೂ ಕಾಯಿಲೆಯ ರಜೆಯ ಭತ್ಯ ಸಿಗುವುದು ತಾನು ಮಲಗಿದರೆ. ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಹೋದ ದಿನದ ಕೂಲಿ ಹೋಯಿತೆಂದೇ ಲೆಕ್ಕ.

ಸಣ್ಣ ವ್ಯಾಪಾರಿಯ ಸ್ಥಿತಿ ಇನ್ನೂ ವಿಚಿತ್ರ. ಆತನಿಗೆ ಇ.ಎಸ್.ಐ. ಇಲ್ಲ. ಅಂಗಡಿಯೊಂದಿದೆ ಎಂಬ ಕಾರಣಕ್ಕೆ ಬಿ.ಪಿ.ಎಲ್. ಕಾರ್ಡು ತಪ್ಪಿದ್ದರೆ, ರಾಜ್ಯದ ಯೋಜನೆ ಆತನಿಗೆ ನಿಗದಿ ಮಾಡಿದ್ದು ಪಟ್ಟಿಯ ದರದ ಶೇಕಡಾ 30, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ಉಳಿದದ್ದಕ್ಕೆ ಬಡ್ಡಿಯವನ ಬಾಗಿಲು. ಶ್ರೀಮಂತನಿಗೆ ಹಣವಿದೆ, ಕಡುಬಡವನಿಗೆ ಕಾರ್ಡಿದೆ, ನಡುವಿನವನಿಗೆ ಇರುವುದು ಸಾಲ.

ನಮ್ಮ ಜಿಲ್ಲೆಯ ಮಟ್ಟದಲ್ಲಿ ಏನು ಆಗಬೇಕು? ಪ್ರತಿ ಜಿಲ್ಲೆಯಲ್ಲೂ ಸ್ಕ್ಲೀರೋಥೆರಪಿಯ ಕೋಣೆ ತೆರೆಯಿರಿ ಎಂದು ನಾವು ಕೇಳುತ್ತಿಲ್ಲ. ಅಪರೂಪದ ರೋಗಕ್ಕೆ ಕೈ ಪಳಗುವುದು ಹೆಚ್ಚು ರೋಗಿಗಳು ಬರುವ ಕಡೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರಕಾರಿ ಸಂಸ್ಥೆಗಳಿಗೆ ಮಗುವನ್ನು ಕಳಿಸುವುದೇ ಸರಿ. ಆದರೆ ಕಳಿಸುವುದೆಂದರೆ ಚೀಟಿ ಬರೆದು ಬಸ್ಸು ಹತ್ತಿಸುವುದಲ್ಲ. ಸ್ಕ್ಯಾನಿಂಗಿನ ಚಿತ್ರಗಳನ್ನು ಮೊದಲೇ ಅಲ್ಲಿಗೆ ಕಳಿಸಿ, ಯಾವ ದಿನ ಯಾರನ್ನು ಕಾಣಬೇಕೆಂದು ಗೊತ್ತುಮಾಡಿ ಕಳಿಸಬೇಕು. ಈ ಕಾಲದಲ್ಲಿ ಅದಕ್ಕೆ ಬೇಕಾದ್ದು ಒಂದು ಕಂಪ್ಯೂಟರು, ಸ್ವಲ್ಪ ಮನಸ್ಸು. ಅಲ್ಲಿ ತೀರ್ಮಾನವಾದ ಮೇಲೆ ಗುಳಿಗೆ ಕೊಡುವುದು, ರಕ್ತ ತೆಗೆದು ಪರೀಕ್ಷೆಗೆ ಕಳಿಸುವುದು, ಮೂರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡುವುದು ಜಿಲ್ಲಾ ಆಸ್ಪತ್ರೆಯಲ್ಲೇ ಆಗಬೇಕು. ಅದಕ್ಕಾಗಿ ತಂದೆಯೊಬ್ಬ ರಾಜಧಾನಿಗೆ ಅಲೆಯುವುದು ಅನ್ಯಾಯ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 2013ರಿಂದ ಇದೆ. ಹಲ್ಲು, ಕಣ್ಣು, ತೂಕ ನೋಡುವ ಆ ತಂಡ ಮಗುವನ್ನು ಮಲಗಿಸಿ ಹೊಟ್ಟೆಯ ಮೇಲೊಮ್ಮೆ ಕೈಯಿಟ್ಟು ನೋಡಲಿ. ಹುಳದ ಔಷಧ ಕೊಟ್ಟರೂ ಇಳಿಯದ ಹೊಟ್ಟೆಗೆ ಸ್ಕ್ಯಾನಿಂಗ್ ಬರೆದುಕೊಡಲಿ.

ತಂದೆತಾಯಿಗಳಿಗೂ ಒಂದು ಮಾತು. ಸ್ಕ್ಯಾನಿಂಗಿನ ಫಿಲ್ಮು, ರಿಪೋರ್ಟು, ಆಪರೇಷನ್ ಆಗಿದ್ದರೆ ತೆಗೆದ ಗಡ್ಡೆಯ ಪರೀಕ್ಷೆಯ ಕಾಗದ, ಡಿಸ್ಚಾರ್ಜ್ ಚೀಟಿ, ಇವನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಜೋಪಾನ ಮಾಡಿರಿ. ಆಪರೇಷನ್ ಎಂದವರನ್ನು ಎಷ್ಟು ಕರುಳು ಹೋಗಬಹುದು, ಸೂಜಿಯಿಂದ ಆಗದೇ, ಗುಳಿಗೆಯಿಂದ ಆಗದೇ ಎಂದು ಕೇಳಿರಿ. ಕೇಳಿದರೆ ಸಿಡುಕುವವರಿದ್ದಾರೆ, ಸಿಡುಕಲಿ. ಕರುಳು ಹುರಿಗೊಂಡ ತುರ್ತು ಹೊತ್ತಿನಲ್ಲಿ ಮಾತ್ರ ಪ್ರಶ್ನೆ ಬೇಡ, ಸಹಿ ಹಾಕಿರಿ.

ಸಿರೊಲಿಮಸ್ ಗುಳಿಗೆ ಮತ್ತು ಅದರ ರಕ್ತಪರೀಕ್ಷೆಯನ್ನು ಹೊರರೋಗಿಗಳಿಗೂ ರಾಜ್ಯದ ಯೋಜನೆಯಲ್ಲಿ ಸೇರಿಸಬೇಕು. ಮಗುವಿನ ಜೊತೆ ದೂರದ ಆಸ್ಪತ್ರೆಗೆ ಹೋಗುವ ತಂದೆಗೋ ತಾಯಿಗೋ ಬಸ್ಸಿನ ಖರ್ಚನ್ನೂ ಒಂದು ದಿನದ ಕೂಲಿಯನ್ನೂ ಕಟ್ಟಿಕೊಡಬೇಕು. ಈ ಎರಡು ಬೇಡಿಕೆಗಳನ್ನು ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಒಟ್ಟಾಗಿ ಜಿಲ್ಲಾ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಬರವಣಿಗೆಯಲ್ಲಿ ಇಟ್ಟು, ಅಲ್ಲಿಂದ ಸರಕಾರಕ್ಕೆ ಶಿಫಾರಸು ಹೋಗುವಂತೆ ಮಾಡಬೇಕು. ಅರ್ಜಿಯ ಒಂದು ಪ್ರತಿಯನ್ನು ನಮ್ಮ ಕಚೇರಿಗೂ ಕಳಿಸಿಕೊಟ್ಟರೆ ಪ್ರಕಟಿಸುತ್ತೇವೆ.